ಸರ್ವರ್ ಬಂದರೆ ಸಾಕ್ಷ್ಯ ಬಂದೀತೆ?

ದತ್ತಾಂಶವನ್ನೆಲ್ಲ ಭಾರತದಲ್ಲೇ ಇಡಿಸಿದರೆ ಪೊಲೀಸರಿಗೆ ಪುರಾವೆ ಸಲೀಸು ಎಂಬ ವಾದ, ಟಿ. ದಾಸರಹಳ್ಳಿಯ ವರ್ಕ್‌ಶಾಪ್ ಮಾಲೀಕನಿಗೆ ಹೊರದೇಶದ ಸೇವೆಯಿಂದ ಬೆದರಿಕೆ ಇಮೇಲ್ ಬಂದರೆ ನಿಲ್ಲುವುದಿಲ್ಲ.

ಸ್ವಿಟ್ಜರ್ಲೆಂಡ್‌ನ ಇಮೇಲ್ ಸೇವೆ ಪ್ರೋಟಾನ್ ಮೇಲ್ ನೋಡಿ. ಕಂಪನಿಯೊಂದಕ್ಕೆ ಅಶ್ಲೀಲ ಇಮೇಲ್‌ಗಳು ಬಂದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2025ರ ಏಪ್ರಿಲ್‌ನಲ್ಲಿ ಆ ಸೇವೆಯನ್ನೇ ನಿರ್ಬಂಧಿಸುವ ಪ್ರಕ್ರಿಯೆ ಆರಂಭಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಬೀಗ ಜಡಿದರೆ ಕಳುಹಿಸಿದವನು ಸಿಕ್ಕಾನೆಯೇ? 2021ರಲ್ಲಿ ಫ್ರಾನ್ಸ್ ಪೊಲೀಸರ ಕೋರಿಕೆ ಸ್ವಿಸ್ ಅಧಿಕಾರಿಗಳ ಮೂಲಕ ಹೋದಾಗ ಅದೇ ಪ್ರೋಟಾನ್ ಹೋರಾಟಗಾರನೊಬ್ಬನ ಐಪಿ ವಿಳಾಸ ಕೊಟ್ಟಿತು. (ಅದು ನ್ಯಾಯವೇ ಎಂಬುದು ಬೇರೆ ಜಗಳ.) ಗೂಢಲಿಪೀಕರಿಸಿದ ಸಂದೇಶದ ಒಳಗು ಮಾತ್ರ ಕಂಪನಿಗೂ ಕಾಣದು, ಸರ್ವರ್ ಪೀಣ್ಯದಲ್ಲಿದ್ದರೂ ಅಷ್ಟೇ.

ಪುರಾವೆ ಸಿಕ್ಕ ಮೇಲೂ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯ ನಮೂದಿಸಿ, ಸಾಧನದ ಉಸ್ತುವಾರಿ ಹೊತ್ತವರ ಜೊತೆಗೆ ತಜ್ಞರೂ ಸಹಿ ಹಾಕಬೇಕು.