ಸೆಂಟಿಮೀಟರಿನ ಯಂತ್ರ, ಆಣೆಯ ದಾಖಲೆ

ಡ್ರೋನ್ ಹಾರಿಸಿದರೆ ರೈತರ ಗಡಿ ತಕರಾರು ತಾನಾಗಿ ಬಗೆಹರಿಯುತ್ತದೆ ಎಂಬ ಭರವಸೆ ಆಗಾಗ ಕೇಳಿಬರುತ್ತದೆ. ಭೂಮಾಪನದ ಉಪಕರಣಗಳು ಸುಧಾರಿಸಿರುವುದು ನಿಜ, ಅದು ಸ್ವಾಗತಾರ್ಹವೂ ಹೌದು. ಆದರೆ ಅಳತೆ ನಿಖರವಾದರೆ ಹಕ್ಕೂ ನಿಖರವಾಯಿತು ಎಂದು ನಂಬಿಸುವುದು ರೈತರನ್ನು ದಾರಿ ತಪ್ಪಿಸುವ ಕೆಲಸ.

ಉಪಗ್ರಹದ ಸಂಕೇತವನ್ನಷ್ಟೇ ನೆಚ್ಚಿದ ಮೊಬೈಲ್ ಫೋನು ತಾನಿರುವ ಜಾಗವನ್ನು ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ತನ್ನ ಸ್ಥಾನ ಖಚಿತವಾಗಿ ಗೊತ್ತಿರುವ ಸ್ಥಿರ ಕೇಂದ್ರವೊಂದು ಅದೇ ಸಂಕೇತಗಳನ್ನು ಪಡೆದು, ವಾತಾವರಣ ಮೊದಲಾದ ಕಾರಣಗಳಿಂದ ಹುಟ್ಟಿದ ದೋಷವನ್ನು ಲೆಕ್ಕಹಾಕಿ, ತಿದ್ದುಪಡಿಯನ್ನು ಭೂಮಾಪಕರ ಕೈಯಲ್ಲಿರುವ ರೋವರ್ ಎಂಬ ಗ್ರಾಹಕಕ್ಕೆ ಆ ಕ್ಷಣವೇ ಕಳುಹಿಸಿದಾಗ ವ್ಯತ್ಯಾಸ ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಸರ್ವೆ ಆಫ್ ಇಂಡಿಯಾದ 'ಕಾರ್ಸ್' ಜಾಲ ಇಂತಹ ಸ್ಥಿರ ಕೇಂದ್ರಗಳದ್ದು.

ಈ ಅಳತೆಯನ್ನು ಯಾವುದರೊಂದಿಗೆ ತಾಳೆ ನೋಡಬೇಕು ಎಂಬಲ್ಲಿ ತೊಡಕು ಶುರುವಾಗುತ್ತದೆ. ಮೂಲ ಅಳತೆಯ ಕೈಬರಹದ ದಾಖಲೆಯಾದ ಟಿಪ್ಪಣಿಯಲ್ಲಿ ಜಮೀನನ್ನು 33 ಅಡಿ ಉದ್ದದ ಸರಪಳಿಯಿಂದ ಅಳೆದು, ಬದು ತಿರುಗುವ ಪ್ರತಿಯೊಂದು ಜಾಗವೂ ಸರಪಳಿ ಎಳೆದ ಗೆರೆಯಿಂದ ಎಷ್ಟು ದೂರವೆಂದು ನಮೂದಿಸಲಾಗಿದೆ. ಒಂದು ಸರಪಳಿಗೆ 16 ಆಣೆ. ಅಂದರೆ ಒಂದು ಆಣೆಯೆಂದರೆ ಎರಡು ಅಡಿಗಿಂತ ತುಸು ಹೆಚ್ಚು. ಅಷ್ಟು ದಪ್ಪ ಅಳತೆಯ ದಾಖಲೆಯ ಮೇಲೆ ಸೆಂಟಿಮೀಟರ್ ಲೆಕ್ಕದ ಗೆರೆ ಎಳೆದರೆ, ಹೆಚ್ಚಿನ ನಿಖರತೆ ಯಂತ್ರದ ಪರದೆಯಲ್ಲಿ ಉಳಿಯುತ್ತದೆಯೇ ಹೊರತು ಹೊಲಕ್ಕೆ ಇಳಿಯುವುದಿಲ್ಲ. ಬಾಂದುಕಲ್ಲು ಟ್ರ್ಯಾಕ್ಟರಿಗೆ ಸಿಕ್ಕಿ ಕಿತ್ತುಹೋಗಿದ್ದರಂತೂ ಅಳತೆಯನ್ನು ಯಾವ ಕಲ್ಲಿನಿಂದ ಆರಂಭಿಸಬೇಕೆಂಬುದೇ ಜಗಳವಾಗುತ್ತದೆ. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಬಹಳ ಉಪಯುಕ್ತ. ಬದುವಿನ ವ್ಯಾಜ್ಯಕ್ಕೆ ಅದನ್ನೇ ಸಾಕ್ಷಿಯಾಗಿ ಹಿಡಿಯುವುದು ತಪ್ಪು.

ಇದಕ್ಕಿಂತ ದೊಡ್ಡ ಕೊರತೆ ಪೋಡಿಯದು. ಒಂದೇ ಸರ್ವೆ ನಂಬರಿನಲ್ಲಿ ಹಲವರಿಗಿರುವ ಹಿಸ್ಸೆಗಳನ್ನು ಅಳೆದು, ಬೇರೆ ಬೇರೆ ನಕ್ಷೆ ಮತ್ತು ನಂಬರ್ ಕೊಟ್ಟು, ವಿಸ್ತೀರ್ಣದ ಮೂಲ ದಾಖಲೆಯಾದ ಆಕಾರಬಂದಿನಲ್ಲಿ ಸೇರಿಸುವ ಕೆಲಸಕ್ಕೆ ಪೋಡಿ ಎನ್ನುತ್ತಾರೆ. ಅದು ಆಗದಿದ್ದರೆ ನಾಲ್ವರು ಅಣ್ಣತಮ್ಮಂದಿರ ಜಂಟಿ ಪಹಣಿ ತಲಾ ಒಂದು ಎಕರೆ ಹತ್ತು ಗುಂಟೆ ಎಂದು ಹೇಳೀತು, ಯಾರ ಭಾಗ ಬಾವಿಯ ಕಡೆಗೆ, ಯಾರದು ಕಲ್ಲುಬೋರೆಯ ಕಡೆಗೆ ಎಂದು ಹೇಳಲಾರದು. 'ಭೂಮಿ' ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ತಂದದ್ದು ದೊಡ್ಡ ಸಾಧನೆ. ಆದರೆ ಪಹಣಿಯ ಹೆಸರು ಮತ್ತು ನಕ್ಷೆಯ ಗೆರೆ ಪರಸ್ಪರ ಹೊಂದದೆ ಹೋದರೆ ಆ ಸಾಧನೆ ಅರ್ಧವೇ. 2020ರಲ್ಲಿ ಆರಂಭವಾದ ಕೇಂದ್ರದ ಸ್ವಾಮಿತ್ವ ಯೋಜನೆಯ ಡ್ರೋನ್ ಅಳತೆ ಗ್ರಾಮಠಾಣಾದ, ಅಂದರೆ ಊರೊಳಗಿನ ವಾಸದ ಜಾಗಗಳಿಗೆ ಸಂಬಂಧಿಸಿದ್ದು. ಹೊಲದ ಪೋಡಿಗೆ ಅದನ್ನು ಉತ್ತರವೆಂದು ತೋರಿಸುವುದು ಸರಿಯಲ್ಲ.

ಆಕಾಶದಿಂದ ತೆಗೆದ ಚಿತ್ರ ಇಂದು ಇರುವ ಬದುವನ್ನು ತೋರಿಸುತ್ತದೆ. ಬಲವಂತನು ಪಕ್ಕದ ವಿಧವೆಯ ಹೊಲದೊಳಕ್ಕೆ ಸರಿಸಿಕೊಂಡ ಬದುವೂ ಅದರಲ್ಲಿ ಬದುವೇ. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಟ್ಟು, ಅವರೆದುರು ಹಳೆಯ ಟಿಪ್ಪಣಿ ಬಿಚ್ಚಿ, ಕಲ್ಲು ಹುಡುಕಿ, ಹೇಳಿಕೆ ಬರೆದುಕೊಳ್ಳುವ ಭೂಮಾಪಕರಿಲ್ಲದೆ ಆ ಒತ್ತುವರಿ ಬಯಲಾಗುವುದಿಲ್ಲ. ಪೋಡಿ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವವರಿಗೆ ಡ್ರೋನಿನ ಭರವಸೆ ಕೊಡುವ ಅಧಿಕಾರಸ್ಥರು, ಮೊದಲು ಆ ಅರ್ಜಿ ಯಾವ ದಿನ ವಿಲೇವಾರಿಯಾಗುತ್ತದೆ ಎಂಬುದನ್ನು ಬರೆದು ಕೊಡಲಿ.