‘ಶಾಶ್ವತ ನಿವಾಸ’ವೆಂಬ ಶಬ್ದದ ವಿಚಾರ

ಈಚೆಗೆ ಹೊಸಪೇಟೆ, ಕಂಪ್ಲಿ, ಸಂಡೂರು ಮೊದಲಾದ ಊರುಗಳ ವಿದ್ಯಾವಂತ ಕುಟುಂಬಗಳಲ್ಲಿ ಹೊಸದೊಂದು ಶಬ್ದವು ಬಳಕೆಗೆ ಬಂದಿರುವುದು ಎಲ್ಲರಿಗೂ ತಿಳಿದ ಸಂಗತಿಯೇ. ಮೊದಲು ಮದುವೆಯ ಮಾತುಕತೆಯಲ್ಲಿ ವರನ ವಿದ್ಯೆಯನ್ನೂ ಉದ್ಯೋಗವನ್ನೂ ಮನೆತನವನ್ನೂ ವಿಚಾರಿಸುತ್ತಿದ್ದ ಹಿರಿಯರು ಈಗ, “ನಿಮ್ಮ ಹುಡುಗಂದು ಪಿ.ಆರ್. ಆತೇನ್ರೀ?” ಎಂದು ಕೇಳುತ್ತಾರೆ. ಆಗಿದೆಯೆಂದರೆ ಉಳಿದ ಪ್ರಶ್ನೆಗಳು ನಿಂತುಹೋಗುವುವು. ಆಗಿಲ್ಲವೆಂದರೆ ಉಳಿದ ಉತ್ತರಗಳಿಗೆ ಬೆಲೆಯಿಲ್ಲದಂತಾಗುವುದು. ಆಸ್ಟ್ರೇಲಿಯಾ, ಕೆನಡಾ, ಅಮೆರಿಕ ಮೊದಲಾದ ದೇಶಗಳು ಪರದೇಶದ ಇಂಜಿನಿಯರನಿಗೆ ಕೊಡುವ ವಾಸದ ಅನುಮತಿಗೆ ‘ಶಾಶ್ವತ ನಿವಾಸ’ವೆಂದು ಹೆಸರಾಗಿದೆ. ಇದು ಶಾಶ್ವತವಾದುದು, ಇದು ಯೋಗ್ಯತೆಯ ನಿರ್ಣಯ, ಇದಕ್ಕಾಗಿ ಮನೆಯ ಸರ್ವಸ್ವವನ್ನೂ ಒಡ್ಡಬಹುದು ಎಂಬ ಮೂರು ನಂಬಿಕೆಗಳು ಈ ಶಬ್ದದ ಹಿಂದೆ ನಿಂತಿವೆ. ಮೂರೂ ಭ್ರಾಂತಿಗಳೇ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದಾಗಿ ಶಬ್ದದ ಅರ್ಥವನ್ನೇ ವಿಚಾರಿಸಬೇಕು. ಯಾವುದು ಎಂದೆಂದಿಗೂ ಇರುವುದೋ ಅದು ಶಾಶ್ವತ. ಆದರೆ ಈ ಅನುಮತಿಯ ಸ್ವರೂಪವೇನು? ಕೆನಡಾದಲ್ಲಿ ಇದನ್ನು ಪಡೆದವನು ಪ್ರತಿ ಐದು ವರ್ಷಗಳಲ್ಲಿ ಸಾಮಾನ್ಯವಾಗಿ 730 ದಿನಗಳಾದರೂ ಆ ದೇಶದಲ್ಲಿ ಇದ್ದಿರಬೇಕು. ಇಲ್ಲವಾದರೆ ಅಧಿಕಾರವು ತಪ್ಪುವ ಸಂಭವವುಂಟು. ಆಸ್ಟ್ರೇಲಿಯಾದಲ್ಲಿ ಹೊರಗೆ ಹೋಗಿ ಮರಳಿ ಬರುವ ಸೌಲಭ್ಯವು ಮೊದಲು ಐದು ವರ್ಷಗಳಿಗೆ ಮಾತ್ರ. ಆಮೇಲೆ ಅದಕ್ಕಾಗಿ ಬೇರೆ ಅನುಮತಿಯನ್ನು ಬೇಡಬೇಕು. ಅಮೆರಿಕದಲ್ಲಿ ಹಸಿರು ಚೀಟಿಯನ್ನು ಪಡೆದವನು ಬಹುಕಾಲ ಹೊರಗಿದ್ದರೆ ನಿವಾಸವನ್ನು ತ್ಯಜಿಸಿದನೆಂದು ಭಾವಿಸಬಹುದು. ಹಾಸಿಗೆ ಹಿಡಿದ ತಾಯಿಯ ಸೇವೆಗೆಂದು ಕಂಪ್ಲಿಗೆ ಬಂದು ಮೂರು ನಾಲ್ಕು ವರ್ಷ ನಿಂತವನಿಗೆ ‘ಶಾಶ್ವತ’ವು ಎಷ್ಟು ಶಾಶ್ವತವೆಂಬುದು ಆಗ ತಿಳಿಯುವುದು. ದಿನಗಳನ್ನು ಎಣಿಸಿ ಕಾಯ್ದುಕೊಳ್ಳಬೇಕಾದುದನ್ನು ಬಾಡಿಗೆಯ ಕರಾರಿಗೆ ಹೋಲಿಸಬಹುದೇ ಹೊರತು ಮನೆಗೆ ಹೋಲಿಸಲಾಗದು.

“ಕೆಲವು ವರ್ಷಗಳಾದ ಮೇಲೆ ಅಲ್ಲಿಯ ಪೌರತ್ವವೇ ದೊರೆಯುವುದಲ್ಲ” ಎಂದರೆ, ದೊರೆಯಬಹುದು. ಆದರೆ ಅದರ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಭಾರತದ ಸಂವಿಧಾನದ 9ನೆಯ ಅನುಚ್ಛೇದವೂ 1955ರ ಪೌರತ್ವದ ಕಾಯಿದೆಯೂ, ಸ್ವಇಚ್ಛೆಯಿಂದ ಪರದೇಶದ ಪೌರತ್ವವನ್ನು ಪಡೆದವನು ಭಾರತದ ಪೌರನಲ್ಲವೆಂದು ವಿಧಿಸಿವೆ. 2005ರಿಂದ ಜಾರಿಗೆ ಬಂದ ‘ಸಾಗರೋತ್ತರ ಭಾರತೀಯ’ನೆಂಬ ಚೀಟಿಯಿಂದ ಬಂದುಹೋಗುವ ಅನುಕೂಲವೇನೋ ಉಂಟು, ಆದರೆ ಅವನಿಗೆ ಮತದಾನವಿಲ್ಲ, ಕೃಷಿಭೂಮಿಯನ್ನು ಪಿತ್ರಾರ್ಜಿತವಾಗಿ ಪಡೆಯಬಹುದಲ್ಲದೆ ಸಾಮಾನ್ಯ ನಿಯಮದಂತೆ ಕ್ರಯಕ್ಕೆ ಕೊಳ್ಳುವಂತಿಲ್ಲ. ಕಂಪ್ಲಿಯ ಕಾಲುವೆಯ ಕೆಳಗಿನ ಎರಡೆಕರೆ ಗದ್ದೆಯನ್ನು ಮಾರಿ ಮಗನನ್ನು ಕಳುಹಿಸಿದ ತಂದೆಯು ಇದನ್ನು ವಿಶೇಷವಾಗಿ ಗಮನಿಸಬೇಕು. ಆ ಮಗನು ಅಲ್ಲಿಯ ಪೌರನಾಗಿ, ಎಷ್ಟು ಧನವನ್ನು ಗಳಿಸಿ ಬಂದರೂ, ಅಜ್ಜನ ಗದ್ದೆಯನ್ನು ತನ್ನ ಹೆಸರಿಗೆ ತಿರುಗಿ ಕೊಳ್ಳಲಾರನು. ತಂದೆಯು ಮಾರದೆ ಇದ್ದಿದ್ದರೆ ಮಾತ್ರ ಅದು ಅವನಿಗೆ ಬರುತ್ತಿತ್ತು.

ಎರಡನೆಯ ನಂಬಿಕೆಯು ಇನ್ನೂ ಬಲವಾದುದು. “ಅಷ್ಟು ದೊಡ್ಡ ದೇಶವು ಪರೀಕ್ಷಿಸಿ ಆರಿಸಿಕೊಂಡಿತೆಂದರೆ ಹುಡುಗನ ವಿದ್ಯೆಯು ಮೇಲಾದುದೆಂದು ಸಿದ್ಧವಾಯಿತಲ್ಲವೆ?” ಎಂಬುದು ಪೂರ್ವಪಕ್ಷ. ಆ ಪರೀಕ್ಷೆಯು ಏನನ್ನು ತೂಗುವುದೆಂಬುದನ್ನು ನೋಡಬೇಕು. ಆಸ್ಟ್ರೇಲಿಯಾದ ಪದ್ಧತಿಯಲ್ಲಿ 25 ರಿಂದ 32ರ ವಯಸ್ಸಿಗೆ 30 ಅಂಕಗಳು. ಇಂಗ್ಲಿಷಿನಲ್ಲಿ ಅತ್ಯುತ್ತಮ ಪ್ರಾವೀಣ್ಯಕ್ಕೆ 20. ಇಂಜಿನಿಯರಿಂಗ್ ಪದವಿಗೆ 15. ಅವಿವಾಹಿತನಾಗಿದ್ದರೆ ಅದಕ್ಕೂ 10! 45 ತುಂಬಿದವನಿಗೆ ಪ್ರವೇಶವೇ ಇಲ್ಲ. ನಾಲ್ಕು ವರ್ಷ ಸೇತುವೆ ಅಣೆಕಟ್ಟುಗಳ ಶಾಸ್ತ್ರವನ್ನು ಓದಿದುದಕ್ಕಿಂತ ಪರಭಾಷೆಯ ಪರೀಕ್ಷೆಗೂ, ಅದಕ್ಕಿಂತ ಯೌವನಕ್ಕೂ ಬೆಲೆ ಹೆಚ್ಚು. 65 ಅಂಕಗಳು ಬಂದರೆ ಅರ್ಹತೆಯೆಂದು ಹೇಳಿದ್ದರೂ ಅದು ಹೊಸಲು ಮಾತ್ರ. ಕರೆಯು ಅದಕ್ಕಿಂತ ಹೆಚ್ಚು ಅಂಕಗಳುಳ್ಳವರಿಗೆ ಮೊದಲು ಹೋಗುವುದು. 1967ರಲ್ಲಿ ಅಂಕಪದ್ಧತಿಯನ್ನು ಮೊದಲು ತಂದ ಕೆನಡಾದಲ್ಲಿಯೂ, 2015ರಿಂದ ನಡೆದಿರುವ ಹೊಸ ಕ್ರಮದಲ್ಲಿ ವಯಸ್ಸಿನ ಅಂಕಗಳು 29 ದಾಟಿದ ಮೇಲೆ ವರ್ಷವರ್ಷಕ್ಕೂ ಇಳಿಯುತ್ತ 45ಕ್ಕೆ ಶೂನ್ಯವಾಗುವುವು. ಸಂತೆಯಲ್ಲಿ ಎತ್ತನ್ನು ಕೊಳ್ಳುವವನು ಹಲ್ಲನ್ನು ಹಿಡಿದು ನೋಡುತ್ತಾನೆ. ಅದು ಎತ್ತಿನ ಗುಣದ ವಿಮರ್ಶೆಯಲ್ಲ, ತನ್ನ ಹೊಲಕ್ಕೆ ಎಷ್ಟು ವರ್ಷ ದುಡಿದೀತೆಂಬ ಲೆಕ್ಕ.

ವಿದ್ಯೆಯನ್ನು ತೂಗುವ ಪ್ರಸಂಗವೂ ಇಲ್ಲದಿಲ್ಲ. ಆದರೆ ಅದು ಈ ಸೀಮೆಯ ವಿದ್ಯಾರ್ಥಿಗೆ ಹೇಗೆ ಬಾಧಿಸುವುದೆಂಬುದನ್ನು ಕೆಲವರೇ ಬಲ್ಲರು. 2014ರಲ್ಲಿ ಭಾರತವು ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವವನ್ನು ಪಡೆಯಿತು. ಅಂದಿನಿಂದ ಇಲ್ಲಿಯ ಇಂಜಿನಿಯರಿಂಗ್ ಪದವಿಗಳೆಲ್ಲಕ್ಕೂ ಪರದೇಶದಲ್ಲಿ ಮನ್ನಣೆಯಿದೆಯೆಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. ವಿಶ್ವವಿದ್ಯಾನಿಲಯಗಳೂ ಸ್ವಾಯತ್ತ ಕಾಲೇಜುಗಳೂ ಪಡೆಯುವ ಮೊದಲನೆಯ ದರ್ಜೆಯ ಮಾನ್ಯತೆಗೆ ಮಾತ್ರ ಆ ಒಪ್ಪಂದವು ಅನ್ವಯಿಸುವುದು. ವಿಶ್ವವಿದ್ಯಾನಿಲಯಕ್ಕೆ ಸಂಯೋಜಿತವಾದ ಸಾಧಾರಣ ಕಾಲೇಜಿನ ಪದವಿಗೆ ಅನ್ವಯಿಸದು. ಅಂತಹ ಪದವೀಧರನು ಆಸ್ಟ್ರೇಲಿಯಾದ ಇಂಜಿನಿಯರುಗಳ ಸಂಸ್ಥೆಗೆ ತಾನು ಮಾಡಿದ ಕೆಲಸಗಳಲ್ಲಿ ಮೂರನ್ನು ಆರಿಸಿ, ತನ್ನ ಸ್ವಂತ ಮಾತಿನಲ್ಲಿ ಪ್ರಬಂಧಗಳನ್ನು ಬರೆದು ಒಪ್ಪಿಸಬೇಕು. ಕೆನಡಾದಲ್ಲಿಯಾದರೋ ವಾಸದ ಅನುಮತಿಯೇ ಬೇರೆ, ಇಂಜಿನಿಯರೆಂದು ಕೆಲಸಮಾಡುವ ಅಧಿಕಾರವೇ ಬೇರೆ. ಎರಡನೆಯದನ್ನು ಆಯಾ ಪ್ರಾಂತದ ಸಂಸ್ಥೆಯಿಂದ ಪುನಃ ಪಡೆಯಬೇಕು.

ಅಮೆರಿಕದ ಕಥೆಯಲ್ಲಿ ಯೋಗ್ಯತೆಯ ಮಾತೇ ದೂರ. 1917ರ ಕಾಯಿದೆಯು ಭಾರತೀಯರಿಗೆ ಬಾಗಿಲನ್ನೇ ಮುಚ್ಚಿತ್ತು, 1946ರಲ್ಲಿ ವರ್ಷಕ್ಕೆ 100 ಜನರಿಗೆಂದು ಸಂದುಬಿಟ್ಟಿತು, 1965ರಲ್ಲಿ ತೆರೆಯಿತು. 1917ರಲ್ಲಿ ಭಾರತೀಯರಲ್ಲಿ ಯೋಗ್ಯತೆಯಿರದೆ 1965ರಲ್ಲಿ ಹಠಾತ್ತನೆ ಹುಟ್ಟಿತೆಂದು ಯಾರಾದರೂ ಹೇಳುವರೆ? ಬದಲಾದುದು ಆತಿಥೇಯನ ಅವಶ್ಯಕತೆ. ಈಗಲೂ ಉದ್ಯೋಗದ ಮೂಲಕ ದೊರೆಯುವ ಹಸಿರು ಚೀಟಿಗಳಲ್ಲಿ ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ನೂರಕ್ಕೆ 7ರ ಮಿತಿಯುಂಟು. ಭಾರತದಷ್ಟು ದೊಡ್ಡ ದೇಶಕ್ಕೂ ಅದೇ ಮಿತಿ, ಅತಿ ಸಣ್ಣ ದ್ವೀಪಕ್ಕೂ ಅದೇ ಮಿತಿ. ಆದುದರಿಂದ ಇಲ್ಲಿ ಹುಟ್ಟಿದವನ ಸರದಿಯು ಹತ್ತಾರು ವರ್ಷ ಹಿಂದೆ ಬೀಳುವುದು. ಮೊದಲ ಮೆಟ್ಟಿಲಾದ ಎಚ್-1ಬಿ ಎಂಬ ಅನುಮತಿಯು ವರ್ಷಕ್ಕೆ 85,000. ಅದನ್ನು ಅನೇಕ ವರ್ಷಗಳ ಕಾಲ ಚೀಟಿಯೆತ್ತಿಯೇ ಹಂಚಿದರು. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರುಗಳ ಶುಲ್ಕವನ್ನು ಆ ದೇಶದ ಅಧ್ಯಕ್ಷರು ಒಂದು ಘೋಷಣೆಯಿಂದ ವಿಧಿಸಿದರು. ಇದರಲ್ಲಿ ಆ ದೇಶಗಳನ್ನು ದೂಷಿಸತಕ್ಕದ್ದೇನೂ ಇಲ್ಲ. ಪ್ರತಿಯೊಬ್ಬ ಗೃಹಸ್ಥನೂ ತನ್ನ ಬಾಗಿಲನ್ನು ತನ್ನ ಇಷ್ಟದಂತೆ ತೆರೆದು ಮುಚ್ಚುವನು. ದೂಷಿಸತಕ್ಕದ್ದು, ಅನ್ಯರ ಬಾಗಿಲಿನ ಅಗಳಿಯನ್ನು ತಮ್ಮ ಮಗನ ವಿದ್ಯೆಯ ಅಳತೆಗೋಲೆಂದು ಭಾವಿಸುವ ಇಲ್ಲಿಯ ಬುದ್ಧಿಯನ್ನು.

ಮೂರನೆಯ ಭ್ರಾಂತಿಯೇ ಅನರ್ಥಕ್ಕೆ ಮೂಲ. ಯಾವ ವಸ್ತುವು ಶಾಶ್ವತವೆಂದೂ ಯೋಗ್ಯತೆಯ ಮುದ್ರೆಯೆಂದೂ ನಂಬಿಕೆ ಹುಟ್ಟಿತೋ ಅದನ್ನು ಮಾರುವವನೂ ಹುಟ್ಟುವನು. “ಪಿ.ಆರ್. ಖಾತ್ರಿ” ಎಂದು ಫಲಕವನ್ನು ಕಟ್ಟಿ ಲಕ್ಷಗಟ್ಟಲೆ ಹಣವನ್ನು ಕೀಳುವ ಮಧ್ಯವರ್ತಿಗಳಿಗೆ ಅದನ್ನು ಖಾತ್ರಿಮಾಡುವ ಅಧಿಕಾರವು ಯಾವ ಸರ್ಕಾರದಿಂದಲೂ ಬಂದಿಲ್ಲ. ನಿಯಮಗಳೆಲ್ಲ ಬಹಿರಂಗವಾಗಿ ಪ್ರಕಟವಾಗಿವೆ. ಅರ್ಜಿಯನ್ನು ಯಾರಾದರೂ ತಾವೇ ಹಾಕಬಹುದು. ಅಂಕಗಳನ್ನು ಕೂಡಿಸುವುದಕ್ಕೆ ಮಾಧ್ಯಮಿಕ ಶಾಲೆಯ ಗಣಿತಕ್ಕಿಂತ ಹೆಚ್ಚಿನದು ಬೇಡ. ಹೀಗಿದ್ದರೂ ಅಂತಹವರಿಂದ ಸಿದ್ಧಪ್ರಬಂಧಗಳನ್ನು ಕೊಂಡು ಒಪ್ಪಿಸುವವರುಂಟು. ಅನ್ಯರ ಬರಹವೆಂದು ಗೊತ್ತಾದರೆ ಅರ್ಜಿಯು ತಿರಸ್ಕೃತವಾಗುವುದಲ್ಲದೆ ಮತ್ತೆ ಕೆಲವು ಕಾಲ ಅರ್ಜಿ ಹಾಕುವ ಅವಕಾಶವೂ ತಪ್ಪುವುದು. ಮಾಡಿದ ಕೆಲಸವನ್ನು ಮೂರು ಪ್ರಬಂಧಗಳಲ್ಲಿ ವಿವರಿಸಲಾರದವನು ಇಂಜಿನಿಯರನೆಂದು ಹೇಳಿಕೊಳ್ಳುವುದು ಹೇಗೆ? ಅವನಿಗಾಗಿ ಗದ್ದೆಯನ್ನು ಅಡವಿಟ್ಟ ತಂದೆಯು ಕೊಂಡುದಾದರೂ ಏನು?

ಇಷ್ಟು ಹೇಳಿದುದರಿಂದ, ಪರದೇಶಕ್ಕೆ ಹೋಗುವವರನ್ನೆಲ್ಲ ದೇಶದ್ರೋಹಿಗಳೆಂದು ಜರೆಯುವ ಇನ್ನೊಂದು ಪಕ್ಷಕ್ಕೆ ಬಲವು ಬಂದಿತೆಂದು ತಿಳಿಯಬಾರದು. ಆ ಪಕ್ಷವು ಇತಿಹಾಸವನ್ನು ಅರಿಯದು. ಕೃಷ್ಣದೇವರಾಯನು ಇಂದಿನ ಹೊಸಪೇಟೆಯಾದ ನಾಗಲಾಪುರದ ಬಳಿ ದೊಡ್ಡ ಕೆರೆಯನ್ನು ಕಟ್ಟಿಸಿದಾಗ ಜೋವಾವೊ ದೆ ಲ ಪೊಂಟೆ ಎಂಬ ಪೋರ್ಚುಗೀಸ್ ಶಿಲ್ಪಿಯ ಸಹಾಯವನ್ನು ಪಡೆದನೆಂದು ನೂನಿಜನ ವೃತ್ತಾಂತವು ಹೇಳುವುದು; ಆ ಕೆಲಸವು ನಡೆಯುತ್ತಿದ್ದುದನ್ನು ಸುಮಾರು 1520ರಲ್ಲಿ ಬಂದ ಪಾಯೆಸನು ಕಣ್ಣಾರೆ ಕಂಡು ಬರೆದಿದ್ದಾನೆ. ಕುಶಲನಾದವನು ದೇಶದಿಂದ ದೇಶಕ್ಕೆ ಹೋಗುವುದು ಹಂಪೆಯ ಅರಸರ ಕಾಲದಿಂದಲೂ ಇರುವುದೇ. ಅದು ಪಾಪವಾದರೆ ಹೊಸಪೇಟೆಯು ಆ ಪಾಪದ ನೀರನ್ನು ಕುಡಿದಿದೆ. ಆದರೆ ಅಂದು ರಾಯನು ಪರದೇಶದ ಶಿಲ್ಪಿಯನ್ನು ಕರೆಸಿದುದು ಕೆರೆ ಕಟ್ಟುವ ಕೆಲಸಕ್ಕೆ; ಆ ಶಿಲ್ಪಿಗೆ ಮರ್ಯಾದೆ ಬಂದುದು ಕೆಲಸದಿಂದ, ವಾಸದ ಚೀಟಿಯಿಂದಲ್ಲ. ಇಂದು ಕೆಲಸದ ಮಾತು ಬಿದ್ದುಹೋಗಿ ಚೀಟಿಯ ಮಾತೊಂದೇ ಉಳಿದಿದೆ.

ಇದಕ್ಕೆ ಸಾಕ್ಷಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. 2024ನೆಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯವು ಹರಿದುಹೋಗುವುದನ್ನು ಕಂಪ್ಲಿಯಿಂದ ರಾಯಚೂರಿನವರೆಗಿನ ರೈತರು ಎದೆ ಹಿಡಿದುಕೊಂಡು ನೋಡಿದರು. ಆಗ ಸರ್ಕಾರವು ಕರೆದುದು ನಿವೃತ್ತರಾಗಿದ್ದ ವಯೋವೃದ್ಧ ಇಂಜಿನಿಯರ್ ಕನ್ನಯ್ಯ ನಾಯ್ಡು ಅವರನ್ನು. ಅವರ ಮಾರ್ಗದರ್ಶನದಲ್ಲಿ, ಹೊಸಪೇಟೆ ತೋರಣಗಲ್ಲುಗಳ ಕಾರ್ಖಾನೆಗಳಲ್ಲಿ ಸಿದ್ಧವಾದ ಉಕ್ಕಿನ ತುಂಡುಗಳನ್ನು ಹರಿಯುವ ನೀರಿನಲ್ಲಿಯೇ ಇಳಿಸಿ, ಒಂದು ವಾರದಲ್ಲಿ ಪ್ರವಾಹವನ್ನು ತಡೆದರು. ಆ ವಯಸ್ಸಿಗೆ ಆಸ್ಟ್ರೇಲಿಯಾದ ಅಂಕಗಳ ಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಅಂದು ಲಕ್ಷಾಂತರ ಎಕರೆಗಳ ಬೆಳೆಗೆ ಆಸರೆಯಾದುದು ಆ ವೃದ್ಧರ ಅನುಭವ.

ಇದರ ಇನ್ನೊಂದು ಮುಖವು ಇನ್ನೂ ಕಹಿಯಾದುದು. ಅಣೆಕಟ್ಟುಗಳ ಬಾಗಿಲುಗಳನ್ನು ಮಾಡುವುದಕ್ಕೆಂದೇ 1960ರಲ್ಲಿ ಹೊಸಪೇಟೆಯಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರ್ಕಾರಿ ಕಾರ್ಖಾನೆಯು ಸ್ಥಾಪಿತವಾಗಿತ್ತು. ಅದು ನಷ್ಟದಲ್ಲಿ ಬಿದ್ದು, 2015ರಲ್ಲಿ ಅದನ್ನು ಮುಚ್ಚಲು ಕೇಂದ್ರ ಸರ್ಕಾರವು ನಿರ್ಧರಿಸಿತು. ಬಾಗಿಲು ಮಾಡುವ ವಿದ್ಯೆಯ ಮನೆಯು ಅಣೆಕಟ್ಟಿನ ಬುಡದಲ್ಲಿಯೇ ಮುಚ್ಚಿದಾಗ ಈ ಊರುಗಳ ವಿದ್ಯಾವಂತ ಕುಟುಂಬಗಳಲ್ಲಿ ಎಷ್ಟು ಮನೆಗಳು ಒಂದು ಹೊತ್ತು ಚಿಂತಿಸಿದುವು? ನೆರೆಯವರ ಮಗನಿಗೆ ಪಿ.ಆರ್. ಬಂದಾಗ ಪೇಡೆ ಹಂಚಿದುದನ್ನು ನೆನಪಿಟ್ಟವರು ಆ ಕಾರ್ಖಾನೆಯ ಹೆಸರನ್ನು ಮರೆತಿದ್ದಾರೆ. ಒಂಬತ್ತು ವರ್ಷಗಳ ತರುವಾಯ ಬಾಗಿಲು ಮುರಿದಾಗ ನೆನಪು ಬಂದಿತು.

“ಇಲ್ಲಿ ಕೆಲಸವೆಲ್ಲಿದೆ? ಸಂಬಳವೆಲ್ಲಿದೆ?” ಎಂಬುದು ಕೊನೆಯ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ಅದನ್ನು ಮರೆಮಾಚುವುದು ವಾದಧರ್ಮವಲ್ಲ. ಸಂಬಳವು ಅಲ್ಲಿಗೆ ಸಮಾನವಲ್ಲ. ಗುತ್ತಿಗೆಯ ನೌಕರಿಯಲ್ಲಿ ಯುವಕರು ನವೆಯುತ್ತಿದ್ದಾರೆ. ಆದರೆ ಕೆಲಸವಿಲ್ಲವೆಂಬುದು ಸುಳ್ಳು. ಹಳೆಯ ಬಾಗಿಲುಗಳೆಲ್ಲವನ್ನೂ ಬದಲಿಸಬೇಕೆಂದು ತಜ್ಞರು ಹೇಳಿದ್ದಾರೆ. ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ವಿಜಯನಗರದ ಅರಸರು ತೋಡಿಸಿದ ರಾಯ, ಬಸವಣ್ಣ, ತುರ್ತಾ ಕಾಲುವೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತ ದುರಸ್ತಿಯನ್ನು ಬೇಡುತ್ತಿವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನು ತಡೆಯಬೇಕಾದ ಸ್ಥಿತಿಗೆ ಬಂದಿದ್ದ ಸಂಡೂರಿನ ಬೆಟ್ಟಗಳಲ್ಲಿ ಮಣ್ಣು ನಿಲ್ಲಿಸಿ ಮರ ಬೆಳೆಸುವ ಕಾರ್ಯವು ಒಂದು ತಲೆಮಾರಿಗಾದರೂ ಇದೆ. ಇವೆಲ್ಲ ಇಂಜಿನಿಯರನ ಕೆಲಸಗಳಲ್ಲದೆ ಮತ್ತಾರವು? ಕೊರತೆಯಾಗಿರುವುದು ಈ ಕೆಲಸಗಳಿಗೆ ತಕ್ಕ ಸಂಬಳ ಮತ್ತು ಮರ್ಯಾದೆ. ಸಂಬಳವನ್ನು ಸರ್ಕಾರದಿಂದ ಕೇಳಬೇಕು. ಮರ್ಯಾದೆಯನ್ನಾದರೋ ಮನೆಯವರೇ ಕೊಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಆದುದರಿಂದ ಗೃಹಸ್ಥರು ಮಾಡಬೇಕಾದುದು ಇಷ್ಟು: ಹೋಗುವ ಮಗನನ್ನೂ ಮಗಳನ್ನೂ ತಡೆಯಬಾರದು, ಆದರೆ ಆ ದೇಶದ ನಿಯಮಗಳನ್ನು ಅವರಿಂದಲೇ ಓದಿಸಿ, ಅಂಕಗಳನ್ನು ಅವರಿಂದಲೇ ಕೂಡಿಸಿ, ಪ್ರಬಂಧವನ್ನು ಅವರಿಂದಲೇ ಬರೆಯಿಸಬೇಕು. ಖಾತ್ರಿಯೆಂದು ಹೇಳುವವನಿಗೆ ಬಾಗಿಲು ತೋರಿಸಬೇಕು. ಗದ್ದೆಯನ್ನು ಮಾರಬಾರದು. ಉಳಿದವನನ್ನು ಸೋತವನೆಂದು ಎಣಿಸಬಾರದು. ಕಾಲುವೆಯ ಮೇಲೆ ಬಿಸಿಲಿನಲ್ಲಿ ನಿಂತಿರುವ ಕಿರಿಯ ಇಂಜಿನಿಯರನ ಮನೆಗೆ ಹೆಣ್ಣು ಕೊಡುವಾಗ ‘ಪಿ.ಆರ್. ಆತೇನ್ರೀ’ ಎಂದು ಕೇಳುವುದನ್ನು ಬಿಟ್ಟು, ‘ಹತ್ತೊಂಬತ್ತನೆಯ ಬಾಗಿಲು ಈಗ ಹೇಗಿದೆ?’ ಎಂದು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವನು ಎಲ್ಲಿದ್ದರೂ ಇಂಜಿನಿಯರನೇ. ಕೊಡಲಾರದವನಿಗೆ ಯಾವ ದೇಶದ ಚೀಟಿಯೂ ಆ ಹೆಸರನ್ನು ತರಲಾರದು.