ಬಲ್ಬ್ ಬದಲಿಸಿದರಷ್ಟೇ ಸಾಲದು
ಕೇಂದ್ರ ಸರ್ಕಾರ 2015ರಲ್ಲಿ ಬೀದಿದೀಪಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದ ಬಳಿಕ ಅನೇಕ ನಗರಗಳಲ್ಲಿ ಸೋಡಿಯಂ ದೀಪಗಳ ಜಾಗಕ್ಕೆ ಎಲ್‌ಇಡಿ ಬಂದಿದೆ. ವಿದ್ಯುತ್ ಉಳಿತಾಯದ ದೃಷ್ಟಿಯಿಂದ ಇದು ಸರಿಯಾದ ಹೆಜ್ಜೆ. ಆದರೆ ಬೆಳಕು ಅಗ್ಗವಾಯಿತೆಂದು ಕಂಡಕಂಡಲ್ಲಿ ಫ್ಲಡ್‌ಲೈಟ್, ರಾತ್ರಿಯಿಡೀ ಉರಿಯುವ ಜಾಹೀರಾತು ಫಲಕ ಹಾಕುತ್ತ ಹೋದರೆ ಆ ಉಳಿತಾಯ ಸೋರಿಹೋಗುತ್ತದೆ. ನೀಲಿ ಅಂಶ ಹೆಚ್ಚಿರುವ ಅಚ್ಚ ಬಿಳಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರಿ ಆಕಾಶವನ್ನು ಮಸುಕಾಗಿಸುತ್ತದೆ; ಕೀಟಗಳ ದಿಕ್ಕು ತಪ್ಪಿಸುತ್ತದೆ, ಮನುಷ್ಯರ ನಿದ್ದೆಗೂ ಕುತ್ತು ತರುತ್ತದೆ.

ಬೆಳಕಿಗೆ ಕಡಿವಾಣ ಹಾಕುವ ಮಾದರಿಗೆ ಹೊರದೇಶಕ್ಕೆ ಹೋಗಬೇಕಿಲ್ಲ. ಲಡಾಖ್‌ನ ಹಾನ್ಲೆ ಪ್ರದೇಶವನ್ನು 2022ರಲ್ಲಿ ‘ಡಾರ್ಕ್ ಸ್ಕೈ ರಿಸರ್ವ್’ (ರಾತ್ರಿ ಆಕಾಶದ ಕತ್ತಲೆ ಕಾಯುವ ಸಂರಕ್ಷಿತ ಪ್ರದೇಶ) ಎಂದು ಘೋಷಿಸಲಾಯಿತು. ಅಲ್ಲಿನ ಖಗೋಳ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಸುತ್ತಲಿನ ಹಳ್ಳಿಗರು ದೀಪಗಳಿಗೆ ಮರೆ ಕಟ್ಟಿ, ಕಿಟಕಿಗೆ ಪರದೆ ಎಳೆದು ಸಹಕರಿಸುತ್ತಿದ್ದಾರೆ.

ನಗರಗಳಿಗೆ ಅಷ್ಟು ಕತ್ತಲೆ ಬೇಡ, ಸಾಧ್ಯವೂ ಇಲ್ಲ. ಮಹಿಳೆಯರ, ಪಾದಚಾರಿಗಳ ಸುರಕ್ಷತೆಗೆ ಬೆಳಕು ಬೇಕೇ ಬೇಕು. ಆದರೆ ಅದು ನೆಲಕ್ಕೆ ಬೀಳಬೇಕು, ಕಣ್ಣಿಗೆ ರಾಚಬಾರದು. ಬೆಳಕನ್ನು ಕೆಳಮುಖವಾಗಿ ಹಾಯಿಸುವ ಕವಚ, 3,000 ಕೆಲ್ವಿನ್ ಮೀರದ ಹಳದಿ ಛಾಯೆ, ನಡುರಾತ್ರಿಯ ನಂತರ ಪ್ರಖರತೆ ತಗ್ಗಿಸುವ ವ್ಯವಸ್ಥೆ: ಈ ಮೂರನ್ನೂ ಸ್ಥಳೀಯ ಸಂಸ್ಥೆಗಳು ಟೆಂಡರ್ ಷರತ್ತಿನಲ್ಲೇ ಸೇರಿಸಲಿ. ಜಾಹೀರಾತು ಫಲಕಗಳಿಗೂ ದೀಪ ಆರಿಸುವ ಸಮಯ ನಿಗದಿಯಾಗಲಿ.